ಚಂದ್ರಿಗೊಂದು ಸಂಬಂಧ

ಆರ್.ಟಿ. ನಗರ, ಬೆಂಗಳೂರು
18-1-1981

ತಮ್ಮ ಕಾಶೀ,

ನಿನ್ನಕ್ಕನ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಮೈಯೆಲ್ಲ ಉರಿಯುತ್ತಿರುವಾಗ ಯಾವ ಬಾಯಿಂದ ಕ್ಷೇಮ ಎನ್ನಲಿ?

ಹಿಂದಿನ ಬೀದಿಯ ಅಕ್ಬರಿ ನಿನಗೆ ಗೊತ್ತು. ನೀನು ನಮ್ಮ ಮನೆಯಲ್ಲಿದ್ದು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗುತ್ತಿದ್ದಾಗ ರಂಜಾನಿಗೆ ನಿನ್ನ ಹೆಸರಿನಲ್ಲೇ ಬೇರೆ ಡಬ್ಬಿ ಶೀರ್‌ಖುರ್ಮಾ ಕಳಿಸುತ್ತಿದ್ದವಳು. ಅವಳು ನಿನ್ನೆ ನಮ್ಮ ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. "ಏನ್ರೀ ನೀಲಕ್ಕ, ದುಡ್ಡಿಸ್ಕೊಂಡು ರೋಗದ ಮರಿ ಕೊಟ್ಟು ಜಾತಿ ನಾಯಿ ಅಂದ್ರಲ್ಲ! ನಮ್ ಮಕ್ಳು ಊಟ ಬಿಟ್ಟು ಅಳ್ತಾವೆ ಕಣ್ರೀ. ದೇವ್ರು ನೋಡ್ತಾನೆ ನಿಮ್ಮನ್ನ!" ನಾನು ಕೊಟ್ಟ ಮರಿ ಸತ್ತಿತಂತೆ. ಕೊಟ್ಟಾಗ ಹತ್ತಿಯ ಉಂಡೆಯಂತೆ ಇತ್ತು. ಬಿರಿಯಾನಿ ಹಾಕಿ ಹೊಟ್ಟೆ ಕೆಡಿಸಿದವರು ಇವರು, ಬೈಗುಳ ನನಗೆ.

ಆದರೂ ನಿನ್ನ ಹತ್ತಿರ ಮುಚ್ಚಿಡುವುದೇಕೆ? ಅದು ಎರಡನೆಯದು. ಗಂಗೇನಹಳ್ಳಿಗೆ ಹೋದ ಮರಿಯೂ ದೀಪಾವಳಿಯ ಹೊತ್ತಿಗೆ ಸತ್ತಿತು. ನಮ್ಮಲ್ಲೇ ಉಳಿದಿರುವ ಪುಟ್ಟಿ ಈಗ ಸೊರಗುತ್ತಿದೆ. ಎಂಟು ತಿಂಗಳಾದರೂ ಬೆಕ್ಕಿನಷ್ಟೇ ಇದೆ. ಊಟ ಬೇಡ, ಬರೀ ನೀರು. ಬಟ್ಟಲು ಖಾಲಿ ಮಾಡಿ ಬಚ್ಚಲಿಗೆ ಓಡುತ್ತದೆ, ನಡುಮನೆಯಲ್ಲೆಲ್ಲ ಉಚ್ಚೆ ಹೊಯ್ಯುತ್ತದೆ. ಸಂಜೆಯಾದರೆ ನೀರಿನ ಬಟ್ಟಲು ಎತ್ತಿಡುತ್ತೇನೆ. ಮರಿ ಒಯ್ದವರಿಗೂ ಅದನ್ನೇ ಹೇಳಿದ್ದೆ. ಏನಾದರೂ ಔಷಧಿ ಬರೆದು ಕಳಿಸು.

ಜಾತಿ ಕೆಡಿಸಿದೆ ಎಂದು ಮಾತ್ರ ನೀನು ಹೇಳುವಂತಿಲ್ಲ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ನಿಮ್ಮ ಮುಂಡಗೋಡದ ಡೋಲ್ಮಾ, ನಮ್ಮ ಪಡಸಾಲೆಯಲ್ಲಿ ಗಂಟು ಇಟ್ಟುಕೊಳ್ಳಲು ಬಿಟ್ಟೆನೆಂದು ಕೊಟ್ಟ ಜೋಡಿಯಲ್ಲವೇ ರೇಷ್ಮಿ, ಮೋತಿ? ಅವು ಒಡಹುಟ್ಟಿದವು. ಒಡಹುಟ್ಟಿದವನ್ನು ಕೂಡಿಸುವಷ್ಟು ಮೂರ್ಖಳಲ್ಲ ನಾನು. ರೇಷ್ಮಿಯನ್ನು ನಿನ್ನಲ್ಲಿಗೆ ತಂದು ಡೋಲ್ಮಾಳ ಗಂಡುನಾಯಿಗೆ ಕೂಡಿಸಿದೆ, ಚಂದ್ರಿ ಹುಟ್ಟಿತು. ಚಂದ್ರಿಗೆ ಮೋತಿ ಸೋದರಮಾವ. ಅವೆರಡನ್ನು ಕೂಡಿಸಿ ಈ ನಾಲ್ಕು ಮರಿ ಹಾಕಿಸಿದೆ. ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗುತ್ತದೆ? ಬೀದಿಯಲ್ಲಿ ನೋಡಿದರೆ ಬರೀ ಪಾಮೇರಿಯನ್. ನಮ್ಮ ಮನೆಯಲ್ಲಿ ನಡೆದುಬಂದ ಹಾಗೆಯೇ ನಡೆಸಿದೆ. ಅವ್ವ ನನ್ನನ್ನು ತನ್ನ ತಮ್ಮನಿಗೆ ಕೊಟ್ಟಳು, ನಾನು ಪಾರುವನ್ನು ನನ್ನ ತಮ್ಮನಿಗೆ ಕೊಡುತ್ತೇನೆ. ನಾಯಿಗೇಕೆ ಬೇರೆ ಶಾಸ್ತ್ರ? ಇವರಂತೂ ನಕ್ಕು ನಕ್ಕು ಸುಸ್ತಾದರು. "ನಾಯಿ ಲಗ್ನಾ ಮಾಡಿದಿ, ಭೂಮದ ಊಟ ಎಲ್ಲೈತಿ?" ಎಂದು ಕೇಳಿದರು.

ಪಾರುವಿನ ಡಿಗ್ರಿ ಪರೀಕ್ಷೆ ಮೇ ತಿಂಗಳಿಗೆ ಮುಗಿಯುತ್ತದೆ. ಮುಗಿದ ಕೂಡಲೇ ನಿಮ್ಮಿಬ್ಬರ ಮದುವೆ. ಅವ್ವ ಬಂಕಾಪುರದಿಂದ ಎರಡು ಸಲ ಹೇಳಿಕಳಿಸಿದ್ದಾಳೆ. ರಜೆ ಈಗಲೇ ಕೇಳಿಟ್ಟುಕೋ.

ನಿನ್ನ ಅಕ್ಕ,
ನೀಲಕ್ಕ


ಪಶು ಆಸ್ಪತ್ರೆ, ಮುಂಡಗೋಡ
27-1-1981

ಅಕ್ಕಾ,

ನಮಸ್ಕಾರ. ಅಕ್ಬರಿಯ ಮೇಲೆ ಸಿಟ್ಟು ಮಾಡಬೇಡ. ಬಿರಿಯಾನಿಯಿಂದ ಎಂಟು ತಿಂಗಳ ಮರಿ ಸೊರಗಿ ಸಾಯುವುದಿಲ್ಲ.

ನಿನ್ನ ಪತ್ರ ಬಂದ ಮೇಲೆ ಟಿಬೆಟಿಯನ್ ಕ್ಯಾಂಪಿಗೆ ಹೋಗಿ ಡೋಲ್ಮಾಳನ್ನು ಕಂಡೆ. ಬೆಣ್ಣೆ ಹಾಕಿದ ಉಪ್ಪಿನ ಚಹಾ ಕೊಟ್ಟು ಕೂರಿಸಿಕೊಂಡು ಈ ನಾಯಿಗಳ ಇಡೀ ವಂಶಾವಳಿ ಹೇಳಿದಳು. ಅವರ ದೇಶದಲ್ಲಿ ಹೆಬ್ಬಾಗಿಲಿಗೆ ದೊಡ್ಡ ನಾಯಿ, ಒಳಮನೆಗೆ ಈ ಪುಟ್ಟ ನಾಯಿ. ದೊಡ್ಡದರ ಕಣ್ಣು ತಪ್ಪಿಸಿ ಯಾರಾದರೂ ಒಳಗೆ ಬಂದರೆ ಇದು ಬೊಗಳಿ ಎಬ್ಬಿಸಬೇಕು. ಮಠಗಳಲ್ಲಿ ಗುರುಗಳ ಹಾಸಿಗೆಯ ಕಾಲದೆಸೆಯಲ್ಲಿ ಮಲಗುತ್ತಿದ್ದವಂತೆ. ಇವನ್ನು ಮಾರುವ ಪದ್ಧತಿ ಇರಲಿಲ್ಲ. ಬೇಕಾದವರಿಗೆ ಕೊಡಬೇಕು, ತೆಗೆದುಕೊಂಡವರಿಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ನೀನು ಮರಿಗಳನ್ನು ಮಾರಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮುಖ್ಯವಾದದ್ದು ಇದು. ಊರು ಬಿಟ್ಟು ಓಡಿಬರುವಾಗ ಡೋಲ್ಮಾಳ ಅಪ್ಪ ಒಂದು ಹೆಣ್ಣುಮರಿಯನ್ನು ನಿಲುವಂಗಿಯೊಳಗೆ ಎದೆಗೆ ಕಟ್ಟಿಕೊಂಡು ಹಿಮ ದಾಟಿದನಂತೆ. ಹೀಗೆ ಬಂದು ಬದುಕಿ ಉಳಿದವು ಕೆಲವೇ. ಅವಳ ಕೇರಿಯ ನಾಯಿಗಳೆಲ್ಲ ಆ ಕೆಲವುಗಳ ಮಕ್ಕಳು, ಮೊಮ್ಮಕ್ಕಳು. "ಎಲ್ಲಾ ಒಂದೇ ಮನೆ, ಡಾಕ್ಟರ್ ಸಾಬ್" ಎಂದಳು. ಅವಳಲ್ಲೂ ಆಗೊಮ್ಮೆ ಈಗೊಮ್ಮೆ ಇಂಥ ನೀರು ಕುಡುಕ ಮರಿ ಹುಟ್ಟಿ ವರ್ಷದೊಳಗೆ ಸಾಯುತ್ತದಂತೆ.

ನನಗೊಂದು ಸಂಶಯವಿದೆ, ಆದರೆ ನೋಡದೆ ಹೇಳಲಾರೆ. ಪುಟ್ಟಿ ಉಳಿಯುವುದು ಕಷ್ಟ. ಸತ್ತರೆ ಹೂಳಬೇಡ. ಅದೇ ದಿನ ಹೆಬ್ಬಾಳದ ಕಾಲೇಜಿಗೆ ಒಯ್ದು ಕೊಯ್ದು ನೋಡಲು ಹೇಳು. ನನ್ನ ಹೆಸರು ಹೇಳಿದರೆ ಸಾಕು. ಮೂತ್ರಪಿಂಡ ಹೇಗಿತ್ತು ಎಂದು ಕೇಳಿ ಬರೆ.

ಪಾರು ಓದುತ್ತಿದ್ದಾಳೆಯೇ? ಕೆಮಿಸ್ಟ್ರಿಯಲ್ಲಿ ಅವಳು ಸ್ವಲ್ಪ ಹಿಂದೆ.

ನಿನ್ನ ತಮ್ಮ,
ಕಾಶಿನಾಥ


ಆರ್.ಟಿ. ನಗರ
20-2-1981

ಕಾಶೀ,

ಪುಟ್ಟಿ ಸೋಮವಾರ ಬೆಳಿಗ್ಗೆ ಸತ್ತಿತು. ನೀನು ಹೇಳಿದಂತೆ ಹಳೆಯ ಸೀರೆಯಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿ, ಪಾರುವನ್ನು ಜೊತೆಗೆ ಕರೆದುಕೊಂಡು ಹೆಬ್ಬಾಳದ ಬಸ್ಸು ಹತ್ತಿದೆ. ಕಂಡಕ್ಟರ್ "ಏನಮ್ಮಾ ಬ್ಯಾಗಲ್ಲಿ, ಲಗೇಜಾ?" ಎಂದ. ಅವರೆಕಾಯಿ ಎಂದೆ. ಪಾರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಇಳಿಯುವವರೆಗೂ ಅಳುತ್ತಿದ್ದಳು. ಅವಳ ಹಾಸಿಗೆಯಲ್ಲೇ ಮಲಗುತ್ತಿದ್ದ ಮರಿ.

ನಿನ್ನ ಹೆಸರಿಗೆ ಅಲ್ಲಿ ಬಹಳ ಮರ್ಯಾದೆ. ಕೊಯ್ದ ಡಾಕ್ಟರು ನನ್ನನ್ನು ಒಳಗೆ ಕರೆದು ತೋರಿಸಿದರು. ಮೂತ್ರಪಿಂಡ ಎರಡೂ ಒಣಗಿದ ನೆಲ್ಲಿಕಾಯಿಯ ಹಾಗೆ ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. "ಏನಮ್ಮಾ, ಅಪ್ಪ ಅಮ್ಮ ಎರಡೂ ಒಂದೇ ಮನೇವಾ?" ಎಂದರು. ಸೋದರಮಾವ ಸಾರ್, ನಮ್ಮ ಪದ್ಧತಿಯಂತೆಯೇ ಮಾಡಿಸಿದ್ದು ಎಂದೆ. ಪಕ್ಕದಲ್ಲಿದ್ದ ಹುಡುಗರ ಕಡೆ ನೋಡಿ ನಕ್ಕರು. "ಇನ್ನೊಂದ್ಸಲ ಮರಿ ಹಾಕಿಸ್ಬೇಡಿ, ಹೋಗ್ಬನ್ನಿ" ಎಂದರು. ಅಷ್ಟೇ. ಯಾಕೆ, ಏನು, ಒಂದು ಮಾತಿಲ್ಲ. ನಾನೇನು ಹಳ್ಳಿಗುಗ್ಗು ಎಂದುಕೊಂಡರೋ ಏನೋ. ದಾರಿಯುದ್ದಕ್ಕೂ ಆ ನಗು ನೆನಪಾಗಿ ಹಲ್ಲು ಕಡಿದುಕೊಂಡು ಬಂದೆ.

ನನಗನಿಸುವುದು ಹೇಳುತ್ತೇನೆ. ಇದು ಗ್ರಹಚಾರ. ಮೊದಲ ಸೂಲು ಕೆಟ್ಟರೆ ಎರಡನೆಯದು ಕೆಡಬೇಕೆಂದೇನೂ ಇಲ್ಲ. ನಾಲ್ಕರಲ್ಲಿ ಒಂದು ಮರಿ ಇಂದಿಗೂ ಗುಂಡುಕಲ್ಲಿನ ಹಾಗೆ ಇದೆ. ರೋಗ ಜಾತಿಯಲ್ಲಿದ್ದರೆ ಅದೂ ಸಾಯಬೇಕಿತ್ತಲ್ಲ? ಮುಂದಿನ ತಿಂಗಳು ಚಂದ್ರಿ ಬೆದೆಗೆ ಬರುತ್ತದೆ. ಮೋತಿಗೇ ಇನ್ನೊಮ್ಮೆ ಕೂಡಿಸುತ್ತೇನೆ. ಒಳ್ಳೆಯ ಮರಿ ಹುಟ್ಟಿದರೆ ಒಂದನ್ನು ಅಕ್ಬರಿಯ ಮಕ್ಕಳಿಗೆ ಸುಮ್ಮನೆ ಕೊಟ್ಟು ಅವಳ ಬಾಯಿ ಮುಚ್ಚಿಸುತ್ತೇನೆ.

ಮದುವೆಯ ಬಗ್ಗೆ ಕೇಳಿದರೆ ಕೆಮಿಸ್ಟ್ರಿಯ ಬಗ್ಗೆ ಬರೆಯುತ್ತೀ. ನಾಚಿಕೆಯೋ ಬಿಂಕವೋ? ರಜೆ ಸಿಕ್ಕಿತೇ ಬರೆ.

ನೀಲಕ್ಕ


ಮುಂಡಗೋಡ
1-3-1981

ಅಕ್ಕಾ,

ನಿನ್ನ ಪತ್ರ ಓದಿದ ಮೇಲೆ ಇವತ್ತು ಬೇರೆ ಕೆಲಸ ಮಾಡುವುದು ನನ್ನಿಂದ ಆಗಲಿಲ್ಲ. ಆಸ್ಪತ್ರೆಯ ಬಾಗಿಲು ಹಾಕಿ ಬರೆಯಲು ಕೂತಿದ್ದೇನೆ. ಉದ್ದವಾದರೆ ಆಗಲಿ, ಪೂರ್ತಿ ಓದು.

ಚಂದ್ರಿಯನ್ನು ಮೋತಿಗೆ ಕೂಡಿಸಕೂಡದು. ಕೂಡಿಸಿದೆ ಎಂದು ಕೇಳಿದರೆ ನಾನು ನಿನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಗ್ರಹಚಾರವಂತೆ! ಗ್ರಹಗಳಿಗೆ ಬೇರೆ ಕೆಲಸವಿಲ್ಲವೇ, ನಾಯಿಮರಿಯ ಮೂತ್ರಪಿಂಡ ಹಿಂಡುತ್ತ ಕೂರಲು?

ಆ ಡಾಕ್ಟರು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಮೂತ್ರಪಿಂಡ ಜರಡಿಯ ಹಾಗೆ. ಈ ಮರಿಗಳಲ್ಲಿ ತಾಯಿಯ ಹೊಟ್ಟೆಯಲ್ಲೇ ಆ ಜರಡಿ ಸರಿಯಾಗಿ ಆಗಿರುವುದಿಲ್ಲ. ನೀರು ನಿಲ್ಲುವುದಿಲ್ಲ, ಸೋರಿ ಹೋಗುತ್ತದೆ. ಹೋದದ್ದನ್ನು ತುಂಬಲು ಮರಿ ಕುಡಿಯುತ್ತದೆ. ಅದು ಚಟವಲ್ಲ, ಹಟವಲ್ಲ. ಅದರ ಜೀವ ನಿಂತಿರುವುದೇ ಆ ನೀರಿನ ಮೇಲೆ. ನೀನು ಸಂಜೆ ಬಟ್ಟಲು ಎತ್ತಿಟ್ಟೆ, ಊರಿಗೆಲ್ಲ ಎತ್ತಿಡಲು ಹೇಳಿಕೊಟ್ಟೆ. ಒಳಗಿನ ವಿಷ ಒಳಗೇ ಉಳಿದು ರಕ್ತಕ್ಕೆ ಏರಿತು. ಹೇಗಿದ್ದರೂ ಸಾಯುತ್ತಿದ್ದವು, ನಿಜ. ಆದರೆ ಬಾಯಾರಿ ಸಾಯಬೇಕಾಗಿರಲಿಲ್ಲ. ನೀರು ಮುಚ್ಚಿಟ್ಟವರೇ ಬೇಗ ಕೊಂದರು ಎಂದು ನಾನು ಹೇಳಿದರೆ ನಿನಗೆ ಸಿಟ್ಟು ಬರುತ್ತದೆ, ಬರಲಿ.

ಇನ್ನು ನಿನ್ನ ಸೋದರಮಾವನ ಶಾಸ್ತ್ರ. ಈ ದೋಷ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರಬೇಕು. ಒಂದೇ ಪಾಲು ಬಂದ ಮರಿ ಗುಂಡುಕಲ್ಲಿನ ಹಾಗೇ ಇರುತ್ತದೆ, ನಿನ್ನ ಚಂದ್ರಿಯ ಹಾಗೆ, ಮೋತಿಯ ಹಾಗೆ. ಎರಡೂ ಪಾಲು ಕೂಡಿದ ಮರಿ ಸಾಯುತ್ತದೆ. ಹೊರಗಿನ ನಾಯಿಗೆ ಕೂಡಿಸಿದ್ದರೆ ಅದರಲ್ಲಿ ಈ ದೋಷ ಇರುವುದು ಅಪರೂಪ. ನೀನೋ, ಒಂದೇ ಮನೆಯ ಒಳಗೆ, ಅದೇ ರಕ್ತದಲ್ಲಿ, ಹುಡುಕಿ ಹುಡುಕಿ ಜೋಡಿ ಮಾಡಿದೆ. ದೋಷ ಕೂಡದೆ ಇನ್ನೇನಾಗುತ್ತದೆ? ಇಲ್ಲಿ ದನ ಕಾಯುವವರು ಕೂಡ ಮೂರು ವರ್ಷಕ್ಕೊಮ್ಮೆ ಊರ ಹೋರಿಯನ್ನು ಬದಲಿಸುತ್ತಾರೆ. ಮಾವ, ಸೊಸೆ ಎಂದು ನಾಯಿಗೆ ಬೀಗತನ ಹುಡುಕುವ ಬುದ್ಧಿ ಬಂದದ್ದು ನಿನಗೊಬ್ಬಳಿಗೇ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಇದ್ದು ನೀನು ಕಲಿತದ್ದು ಇದೇನು?

ಡೋಲ್ಮಾಳಿಗೆ ಇದನ್ನೆಲ್ಲ ಹೇಳಿದೆ. ಅವಳಿಗೂ ಬೇರೆ ದಾರಿ ಇರಲಿಲ್ಲ, ದೇಶವೇ ಇಲ್ಲದವರು ಗಂಡುನಾಯಿಯನ್ನು ಎಲ್ಲಿಂದ ತಂದಾರು? ನಿನಗೆ ದಾರಿ ಇತ್ತು. ಗೊತ್ತಿಲ್ಲದೆ ಮಾಡಿದ್ದು ತಪ್ಪು, ಆಗಿಹೋಯಿತು. ಇನ್ನು ಮೇಲೆ ಗೊತ್ತಿದ್ದೂ ಮಾಡಿದರೆ ಅದು ಕಟುಕತನ. ಕಟುಕನಾದರೂ ಒಂದೇ ಏಟಿಗೆ ಮುಗಿಸುತ್ತಾನೆ.

ಚಂದ್ರಿ ಬೆದೆಗೆ ಬಂದಾಗ ಮೋತಿಯನ್ನು ಬೇರೆ ಮನೆಯಲ್ಲಿ ಬಿಡು. ಅಕ್ಬರಿಯ ಹತ್ತಿರ ಹೋಗಿ ಕ್ಷಮೆ ಕೇಳು. ಒಂದು ಮೂಕಪ್ರಾಣಿಗೆ ಇಷ್ಟು ಅನ್ಯಾಯವಾಗಿದ್ದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಇಷ್ಟು ಬರೆದೆ.

ಕಾಶಿನಾಥ


ಆರ್.ಟಿ. ನಗರ
9-4-1981

ಕಾಶಿನಾಥ,

ನಿನ್ನ ನಾಲ್ಕು ಪುಟ ಬಂದು ತಿಂಗಳಾಯಿತು. ಚಂದ್ರಿ ಬೆದೆಗೆ ಬಂದು ಹೋಯಿತು. ಮೋತಿಯನ್ನು ಅಷ್ಟು ದಿನ ಅಕ್ಬರಿಯ ಮನೆಯಲ್ಲಿ ಬಿಟ್ಟಿದ್ದೆ. ರೋಗ ನನ್ನ ಮನೆಯದೇ ಎಂದು ಅವಳ ಮುಂದೆ ಹೇಳಿದೆ. ಅವಳು ಬೈಯಲಿಲ್ಲ. "ಬಿಡಿ ನೀಲಕ್ಕ, ನಿಮ್ಗೂ ಗೊತ್ತಿರ್ಲಿಲ್ವಲ್ಲ" ಎಂದು ಚಹಾ ಕೊಟ್ಟಳು. ಬೈದಿದ್ದರೆ ವಾಸಿಯಿತ್ತು.

ನಾಯಿಯ ಕೆಲಸ ಮುಗಿಯಿತು. ಈಗ ನನ್ನದೊಂದು ಇದೆ.

ನನ್ನ ಬಸವರಾಜ ನಿನಗೆ ನೆನಪಿದ್ದಾನೆಯೇ? ಬಂಕಾಪುರದಲ್ಲಿ ನೀನೇ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದೆ. ನಾಲ್ಕು ವರ್ಷ ತುಂಬಿದರೂ ಪಾರು ಎರಡು ವರ್ಷದವಳಿದ್ದಾಗಿನ ಅಂಗಿ ಅವನಿಗೆ ದೊಡ್ಡದಾಗುತ್ತಿತ್ತು. ಹಗಲೆಲ್ಲ ನೀರು. ಹರವಿಯ ನೀರು, ಹಂಡೆಯ ನೀರು, ದನ ಕುಡಿಯುವ ಬಾನಿಗೂ ಬಾಯಿ ಹಾಕುತ್ತಿದ್ದ. ದಿನಾ ಬೆಳಿಗ್ಗೆ ಹಾಸಿಗೆ ಒದ್ದೆ.

ಅತ್ತೆ, ಅಂದರೆ ನಮ್ಮ ಅಜ್ಜಿ, ನನಗೆ ಎರಡೂ ಅವಳೇ, ಒಂದು ದಿನ ಹರವಿಗೆ ಮುಚ್ಚಳ ಹಾಕಿ ಮೇಲೆ ಒರಳುಗುಂಡು ಇಟ್ಟಳು. "ಕುಡದು ಕುಡದು ಹಾಸಗಿ ಕೆಡಸ್ತೈತಿ ಕೂಸು. ಸಂಜಿ ಆದಮ್ಯಾಗ ಯಾರೂ ಅವಗ ನೀರ ಕೊಡಬ್ಯಾಡ್ರಿ" ಎಂದಳು. ಯಾರೂ ಕೊಡಲಿಲ್ಲ. ಅವಳಿಗೆ ಅವನೆಂದರೆ ಪ್ರಾಣ, ತಮಾಷೆಯೆಂದರೆ ಅದು. ಒಳ್ಳೆಯದಕ್ಕೇ ಮಾಡಿದಳು. ಆ ಬೇಸಿಗೆಯಲ್ಲಿ ಅವನು ಹೋದ. ದೃಷ್ಟಿಯಾಯಿತು ಎಂದರು, ದೆವ್ವ ಮೆಟ್ಟಿತು ಎಂದರು. ಸಾಯುವ ದಿನವೂ ಅವನು ಕೇಳಿದ್ದು ಒಂದೇ.

"ನೀರು ಮುಚ್ಚಿಟ್ಟವರೇ ಬೇಗ ಕೊಂದರು." ಎಷ್ಟು ಸಲೀಸಾಗಿ ಬರೆದೆ! ನೀನು ಬರೆದದ್ದು ನಾಯಿಮರಿಗೆ. ನಾನು ಅಡುಗೆಮನೆಯಲ್ಲಿ ನಿಂತು ಓದಿದೆ, ಒಲೆಯ ಮೇಲಿನ ಅನ್ನ ಹೊತ್ತಿದ್ದು ಗೊತ್ತಾಗಲಿಲ್ಲ.

ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ ಹೇಳು. ಅಜ್ಜಿ ಸತ್ತು ಮಣ್ಣಾದಳು. ಹೊಲಮನೆ ಹೊರಗೆ ಹೋಗಬಾರದು, ಗುರುತಿಲ್ಲದ ಮನೆಯಲ್ಲಿ ಮಗಳು ಕಣ್ಣೀರು ಹಾಕಬಾರದು ಎಂದು ತನ್ನ ತಮ್ಮನಿಗೆ ನನ್ನನ್ನು ಕಟ್ಟಿದ ಅವ್ವ ಈಗ ಜಪಮಣಿ ಎಣಿಸುತ್ತ ಕೂತಿದ್ದಾಳೆ. ಇವರು ಯಶವಂತಪುರದ ಫ್ಯಾಕ್ಟರಿಯಿಂದ ದಣಿದು ಬಂದು ಮಲಗುತ್ತಾರೆ. ಹದಿಮೂರು ವರ್ಷವಾದರೂ ಮಗನ ಹೆಸರು ಬಾಯಲ್ಲಿ ತಂದವರಲ್ಲ, ಅವರ ಮುಂದೆ ಇದನ್ನು ಹೇಗೆ ಇಡಲಿ? ಉಳಿದವನು ನೀನು.

ನನ್ನ ಮಗನದೂ ಅದೇ ರೋಗವೋ ಅಲ್ಲವೋ? ನೇರವಾಗಿ ಬರೆ. ಸಮಾಧಾನ ಬರೆಯಬೇಡ.

ನೀಲಕ್ಕ


ಮುಂಡಗೋಡ
16-4-1981

ಅಕ್ಕಾ,

ನಿನ್ನ ಪತ್ರ ಬಂದ ದಿನವೇ ಉತ್ತರ ಬರೆಯುತ್ತಿದ್ದೇನೆ. ನಾನು ನಾಯಿಯ ಬಗ್ಗೆ ಬರೆದದ್ದನ್ನು ನೀನು ಎಲ್ಲಿಗೋ ಒಯ್ದಿದ್ದೀ. ನಾನು ಪಾರುವನ್ನು ಬೇಡ ಎನ್ನಲು ಈ ನೆಪ ಹೂಡಿದೆ ಎಂದು ನಿನಗೆ ಅನುಮಾನ ಬಂದಿರಬೇಕು. ಅದಕ್ಕೇ ಇಷ್ಟು ಸಿಟ್ಟು ಎಂದು ನನಗೆ ಅರ್ಥವಾಗುತ್ತದೆ. ನಿನ್ನಾಣೆಗೂ ಹಾಗಿಲ್ಲ. ನಾನು ಮಾತು ತಪ್ಪುವವನಲ್ಲ.

ನಾಯಿಯದು ಬೇರೆ, ಮನುಷ್ಯರದು ಬೇರೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಂಡಿಲ್ಲ? ಎಲ್ಲರ ಮಕ್ಕಳೂ ಸಾಯುತ್ತಾರೆಯೇ? ಪಾರುವೇ ಇದ್ದಾಳಲ್ಲ, ನಿನಗೂ ಮಾಮಾನಿಗೂ ಹುಟ್ಟಿದವಳು, ಒಂದು ದಿನ ನೆಗಡಿಯಾಗಿ ಮಲಗಿದವಳಲ್ಲ.

ಬಸುವಿನ ಬಗ್ಗೆ ಸಮಾಧಾನ ಬೇಡ ಎಂದಿದ್ದೀ. ಸರಿ. ನಾನು ದನದ ಡಾಕ್ಟರ್, ಖಚಿತವಾಗಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಹೆಬ್ಬಾಳದಲ್ಲಿ ಮೂರನೆಯ ವರ್ಷ ವಂಶವಾಹಿ ರೋಗಗಳ ಪಾಠ ಕೇಳುವಾಗಲೇ ನನಗೆ ಬಸು ನೆನಪಾಗಿದ್ದ. ಅದೇ ಇರಬಹುದು ಎಂದು ಆಗಲೇ ಅನ್ನಿಸಿತ್ತು. ಆ ದಿನ ಮನೆಗೆ ಬಂದಾಗ ನೀನು ರೊಟ್ಟಿ ಬಡಿಯುತ್ತಿದ್ದೆ. ಹೇಳಿ ನಿನ್ನ ಮನಸ್ಸು ಯಾಕೆ ನೋಯಿಸಲಿ ಎಂದು ಸುಮ್ಮನಾದೆ. ನಿನಗೆ ನೋವಾಗಬಾರದೆಂದೇ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡೆ. ಇದನ್ನಾದರೂ ನಂಬು.

ಹೋದವನು ಹೋದ. ಇರುವವರ ಕೆಲಸ ನೋಡೋಣ. ಜೂನಿನಲ್ಲಿ ರಜೆಗೆ ಬರೆದುಕೊಟ್ಟಿದ್ದೇನೆ.

ನಿನ್ನ ತಮ್ಮ,
ಕಾಶಿನಾಥ


ಮುಂಡಗೋಡ
30-6-1981

ಅಕ್ಕಾ,

ಎರಡು ಕಾರ್ಡು ಹಾಕಿದೆ, ಉತ್ತರವಿಲ್ಲ. ಪಾರುವಿನ ಪರೀಕ್ಷೆ ಮುಗಿಯಿತು, ನನ್ನ ರಜೆಯೂ ಸುಮ್ಮನೆ ಮುಗಿಯಿತು. ಬಂಕಾಪುರಕ್ಕೆ ಹೋದರೆ ಅವ್ವ ನನ್ನನ್ನೇ ಕಟಕಟೆಗೆ ನಿಲ್ಲಿಸಿದಳು. "ನಾಯಿ ಸಲುವಾಗಿ ಅಕ್ಕನ್ನ ಬೈದ್ಯಂತ. ಹೆಣ್ಣು ಕೊಡಾಕಿನ್ನ ಬೈತಾರೇನೋ, ಹುಚ್ಚಪ್ಪ?" ಎಂದಳು. ಊರಿನಲ್ಲಿ ಕಂಡವರೆಲ್ಲ ಮದುವೆ ಯಾವಾಗ ಎನ್ನುತ್ತಾರೆ. ನನಗೂ ಸಿಟ್ಟು ಬರುತ್ತದೆ ಅಕ್ಕಾ. ತಪ್ಪು ಮಾಡಿದವಳು ನೀನು, ತಿಳಿಸಿ ಹೇಳಿದವನು ನಾನು, ಮುನಿಸು ಮಾತ್ರ ನಿನ್ನದು. ಇದು ಯಾವ ನ್ಯಾಯ?

ಸುತ್ತು ಮಾತು ಬಿಟ್ಟು ನೇರವಾಗಿ ಹೇಳುತ್ತೇನೆ. ಪಾರುವನ್ನು ಬಿಟ್ಟು ಬೇರೆಯವಳನ್ನು ನಾನು ಮನಸ್ಸಿನಲ್ಲೂ ತಂದುಕೊಂಡಿಲ್ಲ. ನಿನ್ನ ಮನೆಯಲ್ಲಿದ್ದಾಗ ಅವಳು ಲಂಗ ಎತ್ತಿಕಟ್ಟಿಕೊಂಡು ಬಾವಿಕಟ್ಟೆಯ ಮೇಲೆ ಕೂತು ಪಾಠ ಒಪ್ಪಿಸುತ್ತಿದ್ದಳಲ್ಲ, ಆಗಿನಿಂದ. ನೀನು ಬಯಸಿದ್ದೂ ಇದನ್ನೇ. ನಾನು ಒಪ್ಪಿದ್ದೇನೆ. ಇನ್ನೇನು ಬೇಕು ನಿನಗೆ?

ಪಂಚಮಿಗೆ ನಿನ್ನನ್ನು ತವರಿಗೆ ಕರೆದುಕೊಂಡು ಹೋಗಲು ನಾನೇ ಬರುತ್ತೇನೆ. ಪಾರುವೂ ಬರಲಿ. ಬಂಕಾಪುರದಲ್ಲೇ ಅವ್ವನ ಮುಂದೆ ಶ್ರಾವಣದ ಒಂದು ದಿನ ಗೊತ್ತುಮಾಡಿಬಿಡೋಣ.

ಕಾಶಿನಾಥ


ಆರ್.ಟಿ. ನಗರ
22-7-1981

ಕಾಶಿನಾಥ,

ನಾನು ಪಾರುವನ್ನು ನಿನಗೆ ಕೊಡುವುದಿಲ್ಲ.

ಇದನ್ನು ಮೊದಲು ಓದಿ, ಕೂತುಕೊಂಡು ಉಳಿದದ್ದು ಓದು. ನೀನು ಬೇಡ ಎಂದೆಯೆಂದು ನಾನು ಮುನಿದಿದ್ದೇನೆ ಎಂದುಕೊಂಡೆಯಲ್ಲ, ಅದನ್ನು ಓದಿದಾಗ ನಗು ಬಂತು. ಏಪ್ರಿಲ್‌ವರೆಗೆ ನನ್ನ ಸಿಟ್ಟಿಗೆ ಕಾಲು ಇರಲಿಲ್ಲ. ಅಜ್ಜಿಯ ಮೇಲೆ, ಅವ್ವನ ಮೇಲೆ, ನನ್ನ ಮೇಲೆ, ಎಲ್ಲೆಲ್ಲೋ ಅಲೆಯುತ್ತಿತ್ತು. ಅದಕ್ಕೆ ನಿಲ್ಲಲು ಜಾಗ ತೋರಿಸಿದವನು ನೀನೇ. ಹೆಬ್ಬಾಳದಲ್ಲಿ ಓದುವಾಗಲೇ ಗೊತ್ತಿತ್ತು ಎಂದು ಬರೆದೆ. ನನಗೆ ನೋವಾಗಬಾರದೆಂದು ಹೇಳಲಿಲ್ಲವಂತೆ. ಎಂಥ ಕರುಣೆ!

ನನಗೆ ಹೇಳದಿದ್ದರೆ ಹೋಗಲಿ. ನನ್ನ ಮಗ ಆಗಲೇ ಸತ್ತಿದ್ದ. ಆದರೆ ಪಾರು ಆ ದಿನ ಬಾವಿಕಟ್ಟೆಯ ಮೇಲೆ ಕೂತು ನಿನಗೆ ಪಾಠ ಒಪ್ಪಿಸುತ್ತಿದ್ದಳು. ನನ್ನ ಪಾಲೋ ಇವರ ಪಾಲೋ ಅವಳಲ್ಲೂ ಒಂದು ಇರಬಹುದು. ನೀನು ನನ್ನ ಒಡಹುಟ್ಟಿದವನು, ನಿನ್ನಲ್ಲೂ ಇರಬಹುದು. ಇದು ನನಗೆ ತಿಳಿದದ್ದು ನಿನ್ನ ಪತ್ರದಿಂದ. ನಿನಗೆ ಗೊತ್ತಿತ್ತು, ಆರು ವರ್ಷದಿಂದ. ಆದರೂ ಅವಳಿಗೆ ತಾಳಿ ಕಟ್ಟಲು ರಜೆ ಬರೆದುಕೊಟ್ಟೆ. ಗೊತ್ತಿದ್ದೂ ಮಾಡುವವರಿಗೆ ನೀನೇ ಒಂದು ಹೆಸರು ಇಟ್ಟಿದ್ದೀ, ನಾನು ಅದನ್ನು ಮತ್ತೆ ಬರೆಯುವುದಿಲ್ಲ. ಹೇಳಲಿಕ್ಕೆ ಪುರಾಣ, ತಿನ್ನಲಿಕ್ಕೆ ಬದನೆಕಾಯಿ. ನಾಯಿಯದು ಬೇರೆ, ಮನುಷ್ಯರದು ಬೇರೆಯಂತೆ. ಅಳಿಯ ಅಲ್ಲ, ಮಗಳ ಗಂಡ ಎಂದಂತಾಯಿತು.

ಪತ್ರಗಳನ್ನೆಲ್ಲ ಪಾರುವಿಗೆ ಕೊಟ್ಟೆ. ಓದಿದ ಹುಡುಗಿ, ಅವಳ ಬದುಕು, ಮುಚ್ಚಿಟ್ಟು ನಾನೂ ನಿನ್ನಂತಾಗಲಾರೆ. ಎರಡು ದಿನ ಕೋಣೆ ಬಿಟ್ಟು ಬರಲಿಲ್ಲ. ಅವಳಿಗೆ ನಿನ್ನ ಮೇಲೆ ಮನಸ್ಸಿಲ್ಲವೆಂದು ತಿಳಿಯಬೇಡ, ಇತ್ತು. ಮೂರನೆಯ ದಿನ ಹೊರಗೆ ಬಂದು ನಿನ್ನ ಆ ನಾಲ್ಕು ಪುಟವನ್ನು ನನ್ನ ಮುಂದೆ ಹಿಡಿದಳು. "ಅವ್ವಾ, ಮಾಮಾ ಚಂದ್ರಿ ಸಲುವಾಗಿ ಇಷ್ಟೆಲ್ಲಾ ಬರದಾನ. ನನ್ನ ಸಲುವಾಗಿ ಒಂದ್ ಸಾಲೂ ಬರೀಲಿಲ್ಲಲ್ಲ?" ಎಂದಳು. ನಿನ್ನ ಹತ್ತಿರ ಉತ್ತರವಿದ್ದರೆ ಅವಳಿಗೆ ಬರೆಯಬೇಡ, ನಿನ್ನಲ್ಲೇ ಇಟ್ಟುಕೋ. ಇಟ್ಟುಕೊಳ್ಳುವುದು ನಿನಗೆ ಅಭ್ಯಾಸ.

ಇವರಿಗೂ ಹೇಳಿದೆ. ಬಸವರಾಜನ ಹೆಸರು ಹಿಡಿದೇ ಹೇಳಿದೆ. "ಹುಡುಗೀನ ಹೊರಗ ಕೊಡು. ಯಾರರ ಏನರ ಅನಲಿ" ಎಂದರು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಅವರು ಅಳುವುದನ್ನು ಅವತ್ತೇ ನೋಡಿದ್ದು. ಅವ್ವ ಅನ್ನಬಾರದ್ದನ್ನೆಲ್ಲ ಅಂದಿದ್ದಾಳೆ. ಮನೆತನ ಒಡೆದವಳು ನಾನಂತೆ. ಹೌದು, ನಾನೇ ಎಂದು ಹೇಳಿಕಳಿಸಿದ್ದೇನೆ.

ಪಾರು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಮದುವೆ ಯಾವ ವರ್ಷವೋ, ಯಾವ ಊರಿಗೋ ಗೊತ್ತಿಲ್ಲ. ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕಾಣದ ಮನೆಗೆ ಕೊಡುತ್ತೇನೆ. ಆ ದಿನ ಅವಳ ಕೈ ಹಿಡಿದು ಹಂದರಕ್ಕೆ ಕರೆತರಬೇಕಾದವನು ಸೋದರಮಾವ. ಅವಳಿಗೆ ಇರುವುದು ನೀನೊಬ್ಬನೇ. ಬೇರೆ ಯಾರನ್ನೂ ನಾನು ಆ ಜಾಗದಲ್ಲಿ ನಿಲ್ಲಿಸುವುದಿಲ್ಲ. ಬಂದು ಕೈ ಹಿಡಿದು ಕರೆತಂದು, ಇನ್ನೊಬ್ಬನ ಎದುರಿಗೆ ಕೂರಿಸಿ, ಅಕ್ಕಿಕಾಳು ಹಾಕಿ ಹೋಗು. ನಿನಗೆ ಸಂಕಟವಾಗುತ್ತದೆ, ಗೊತ್ತು. ಆಗಲಿ.

ಅಲ್ಲಿಯವರೆಗೆ ಪಂಚಮಿಗೆ ಕರೆಯಲು ಬರಬೇಡ.

ನೀಲಕ್ಕ